ಬೈದರೆ ಹೋದ ದುಡ್ಡು ಬರುತ್ತಾ?

ಓಟಿಪಿ ಯಾರಿಗೂ ಹೇಳಬೇಡಿ. ಈ ಮಾತು ಕೇಳದವರು ನಮ್ಮ ಕಡೆ ಯಾರೂ ಉಳಿದಿಲ್ಲ. ಬ್ಯಾಂಕಿನ ಗೋಡೆ ಮೇಲಿದೆ, ಎಟಿಎಂ ಬಾಗಿಲ ಮೇಲಿದೆ. ಸ್ವಲ್ಪ ಕಾಲ ಯಾರಿಗೇ ಫೋನ್ ಮಾಡಿದರೂ ರಿಂಗ್ ಆಗುವ ಮೊದಲು ಸೈಬರ್ ವಂಚನೆಯ ಎಚ್ಚರಿಕೆ ಕೇಳಿಸಿಕೊಳ್ಳಬೇಕಿತ್ತು. ಅವಸರದಲ್ಲಿದ್ದಾಗ ಅದನ್ನು ಕೇಳಿ ಹಲ್ಲು ಕಡಿದವರೇ ಜಾಸ್ತಿ.

ತಿಪಟೂರಿನಲ್ಲಿರುವ ನನ್ನ ಚಿಕ್ಕಮ್ಮನಿಗೂ ಇದೆಲ್ಲ ಬಾಯಿಪಾಠವಾಗಿತ್ತು. ಅವರು ಯಾರಿಗೂ ಓಟಿಪಿ ಹೇಳಲಿಲ್ಲ. ಯಾವ ಲಿಂಕೂ ಒತ್ತಲಿಲ್ಲ. ಯಾವ ಕ್ಯೂಆರ್ ಕೋಡೂ ಸ್ಕ್ಯಾನ್ ಮಾಡಲಿಲ್ಲ. ಆದರೂ 11,000 ರೂಪಾಯಿ ಹೋಯಿತು. ಹೋದದ್ದು ಹೇಗೆ ಅನ್ನುವುದಕ್ಕಿಂತ ಹೋದ ಮೇಲೆ ಏನಾಯಿತು ಅನ್ನುವುದೇ ನನ್ನನ್ನು ಜಾಸ್ತಿ ಕಾಡಿದ್ದು. ಆದರೂ ಮೊದಲು ಹೇಗೆ ಅನ್ನುವುದನ್ನೇ ಹೇಳುತ್ತೇನೆ, ಯಾಕೆಂದರೆ ಈ ಆಟದ ಕೈಚಳಕ ಹತ್ತಿರದಿಂದ ನೋಡದ ಹೊರತು ತಿಳಿಯುವುದಿಲ್ಲ.

ಚಿಕ್ಕಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಚಿಕ್ಕಪ್ಪನದು ಕೊಬ್ಬರಿ ವ್ಯಾಪಾರ. ಅವರಿಗೆ ಯಾರೋ ಒಬ್ಬರು ದುಡ್ಡು ಕೊಡಬೇಕಾಗಿರುವುದು ಆ ಮನೆಯಲ್ಲಿ ಯಾವಾಗಲೂ ಇದ್ದದ್ದೇ. ಮಧ್ಯಾಹ್ನ ಫೋನ್ ಬಂತು. "ಅಕ್ಕಾ, ಅಣ್ಣಂಗೆ ದುಡ್ಡು ಕೊಡ್ಬೇಕಿತ್ತು. ಅವರ ನಂಬರಿಗೆ ಹೋಗ್ತಾ ಇಲ್ಲ. ನಿಮ್ಮ ನಂಬರಿಗೆ ಹಾಕು ಅಂದ್ರು." ಒಳ್ಳೆ ಕನ್ನಡ, ಮರ್ಯಾದೆಯ ಮಾತು. ಚಿಕ್ಕಮ್ಮ ಹೂಂ ಅಂದರು. ಫೋನ್ ಕಿವಿಯಲ್ಲಿರುವಾಗಲೇ ಮೆಸೇಜ್ ಬಂತು. ಖಾತೆಗೆ 20,000 ಜಮಾ.

ಮರುಕ್ಷಣ ಆ ಕಡೆಯ ದನಿ ಬದಲಾಯಿತು. "ಅಯ್ಯೋ ಅಕ್ಕ, ಎರಡು ಸಾವಿರ ಹಾಕೋಕೆ ಹೋಗಿ ಇಪ್ಪತ್ತು ಸಾವಿರ ಹಾಕ್ಬಿಟ್ಟೆ. ಆಸ್ಪತ್ರೆಗೆ ಕಟ್ಟೋ ದುಡ್ಡು ಅದು. ಹದಿನೆಂಟು ಸಾವಿರ ವಾಪಸ್ ಹಾಕ್ಬಿಡಿ, ಕಾಲಿಗೆ ಬೀಳ್ತೀನಿ." ಚಿಕ್ಕಮ್ಮ, ನನ್ನ ಹತ್ತಿರ ಅಷ್ಟು ದುಡ್ಡು ಇಲ್ವಲ್ಲಪ್ಪ, ಇರೋದು ಹನ್ನೊಂದು ಸಾವಿರ ಅಂದರು. ಅವನು ತಕ್ಷಣ ಹೇಳಿದ: "ಇರೋದನ್ನೇ ಹಾಕಿ ಅಕ್ಕ, ಮಿಕ್ಕಿದ್ದು ಆಮೇಲೆ ನೋಡೋಣ."

ಇಲ್ಲೇ ಒಂದು ನಿಮಿಷ ನಿಲ್ಲಬೇಕು. ಅವನ 20,000 ನಿಜವಾಗಿಯೂ ಬಂದಿದ್ದರೆ ಖಾತೆಯಲ್ಲಿ 31,000 ಇರಬೇಕಲ್ವಾ? ಹದಿನೆಂಟು ಕೊಡಲು ಏನು ಕಷ್ಟ? ಓದುವಾಗ ನಮಗೆ ಹೊಳೆಯುತ್ತದೆ. ಆದರೆ ಸ್ಪೀಕರ್ ಹಾಕಿಕೊಂಡು, ಆ ಕಡೆಯಿಂದ ಒಬ್ಬ ಗೋಳಾಡುತ್ತಿರುವಾಗ, ಎದುರಿಗೆ ಅರ್ಧ ಕತ್ತರಿಸಿದ ಬಟ್ಟೆ ಬಿದ್ದಿರುವಾಗ ಈ ಕೂಡೋ ಲೆಕ್ಕ ತಲೆಗೆ ಹತ್ತುವುದಿಲ್ಲ. ಅವನು ಕೊನೆಯವರೆಗೂ ಲೈನ್ ಕಟ್ ಮಾಡಲು ಬಿಡಲಿಲ್ಲ. ಅವನ ಇಡೀ ಬಂಡವಾಳ ಅದೇ. ಲೈನ್ ಕಟ್ ಆಗಿ ಅರ್ಧ ನಿಮಿಷ ಸಿಕ್ಕಿದ್ದರೂ ಚಿಕ್ಕಮ್ಮ ಬ್ಯಾಲೆನ್ಸ್ ನೋಡುತ್ತಿದ್ದರು, ಇಲ್ಲವೇ ಚಿಕ್ಕಪ್ಪನಿಗೆ ಫೋನ್ ಮಾಡುತ್ತಿದ್ದರು.

ಆ ಮೆಸೇಜನ್ನು ಆಮೇಲೆ ನಾನು ನೋಡಿದೆ. ಬ್ಯಾಂಕಿನ ಮೆಸೇಜಿನ ಹಾಗೆಯೇ ಇತ್ತು. ಖಾತೆಯ ನಂಬರಿನ ಜಾಗದಲ್ಲಿ ಎಕ್ಸ್ ಎಕ್ಸ್, ತಾರೀಕು, ಮೊತ್ತ, ಎಲ್ಲಾ ಇತ್ತು. ಆದರೆ ಕಳಿಸಿದವರ ಹೆಸರಿರಬೇಕಾದ ಜಾಗದಲ್ಲಿ ಹತ್ತಂಕಿಯ ಮೊಬೈಲ್ ನಂಬರ್ ಇತ್ತು. ಬ್ಯಾಂಕಿನ ಮೆಸೇಜು ಹಾಗೆ ಬರುವುದಿಲ್ಲ. ಅಕ್ಷರದ ಹೆಸರಿನಲ್ಲಿ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ ಒಂದು ಸಣ್ಣ ಗೆರೆ, ಅದರ ಪಕ್ಕ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತದೆ: ವಹಿವಾಟಿಗೆ ಟಿ, ಸೇವೆಗೆ ಎಸ್, ಜಾಹೀರಾತಿಗೆ ಪಿ, ಸರ್ಕಾರದ್ದಾದರೆ ಜಿ. ಇದೊಂದನ್ನೇ ನಂಬಿ ಕೂರಬೇಕಾಗಿಲ್ಲ. ದುಡ್ಡು ಬಂತೋ ಇಲ್ಲವೋ ಅನ್ನುವುದಕ್ಕೆ ಮೆಸೇಜ್ ಸಾಕ್ಷಿಯೇ ಅಲ್ಲ. ಆ್ಯಪಿನೊಳಗಿನ ಬ್ಯಾಲೆನ್ಸ್ ಒಂದೇ ಸಾಕ್ಷಿ.

ಚಿಕ್ಕಮ್ಮನ ತಪ್ಪು ಏನು ಅಂತ ನಾನು ಹುಡುಕಿದೆ. ಬೇರೆಯವರ ದುಡ್ಡು ತಮ್ಮ ಖಾತೆಯಲ್ಲಿ ಇರಬಾರದು ಅಂದುಕೊಂಡರು. ಅಷ್ಟೇ. ದುರಾಸೆಯವರು ಮಾತ್ರ ಮೋಸ ಹೋಗುತ್ತಾರೆ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಇಲ್ಲಿ ದುರಾಸೆ ಇದ್ದಿದ್ದರೆ ದುಡ್ಡು ಉಳಿಯುತ್ತಿತ್ತು.

ಯುಪಿಐ ಶುರುವಾದದ್ದು 2016ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ನೋಟು ರದ್ದಾಗಿ, ಜನ ಬೇಕೋ ಬೇಡವೋ ಫೋನಿನಲ್ಲಿ ದುಡ್ಡು ಕೊಡಲು ಕಲಿತರು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಹೆಚ್ಚು ಯುಪಿಐ ವಹಿವಾಟು ನಡೆಯಿತು. ಇಷ್ಟು ದೊಡ್ಡ ಯಂತ್ರದ ಬೀಗ ಮುರಿಯುವ ಗೋಜಿಗೆ ಮೋಸಗಾರರು ಹೋಗುವುದಿಲ್ಲ. ಬೀಗ ಗಟ್ಟಿಯಾಗಿಯೇ ಇದೆ. ಫೋನಿನಲ್ಲಿರುವ ಸಿಮ್, ಆ ಫೋನು, ನಿಮ್ಮ ಪಿನ್, ಸಾಮಾನ್ಯವಾಗಿ ಮೂರೂ ಸೇರಿದರೆ ಮಾತ್ರ ದುಡ್ಡು ಹೊರಗೆ ಹೋಗುತ್ತದೆ. ಹಾಗಾಗಿ ಬಾಗಿಲನ್ನು ನಮ್ಮ ಕೈಯಿಂದಲೇ ತೆಗೆಸುತ್ತಾರೆ.

ಪಿನ್ ಅಂದರೆ ಸಹಿ. ದುಡ್ಡು ಬರುವುದಕ್ಕೆ ಸಹಿ ಬೇಕಿಲ್ಲ, ಹೋಗುವುದಕ್ಕೆ ಬೇಕು. ಬ್ಯಾಲೆನ್ಸ್ ನೋಡುವುದಕ್ಕೂ ಕೇಳುತ್ತದೆ ನಿಜ, ಆದರೆ ಅದು ನೀವಾಗಿಯೇ ನೋಡಲು ಹೊರಟಾಗ. ಬೇರೆ ಯಾರೋ ಹೇಳಿದರು ಅಂತ ಪಿನ್ ಒತ್ತುವ ಸಂದರ್ಭ ಬಂದರೆ, ಅದು ಯಾವ ಹೆಸರಿನಲ್ಲೇ ಬರಲಿ, ರೀಫಂಡ್ ಅನ್ನಲಿ, ಕ್ಯಾಶ್‌ಬ್ಯಾಕ್ ಅನ್ನಲಿ, ಪರೀಕ್ಷೆಗೆ ಒಂದು ರೂಪಾಯಿ ಅನ್ನಲಿ, ದುಡ್ಡು ಹೊರಗೆ ಹೋಗುತ್ತಿದೆ ಅಂತಲೇ ಅರ್ಥ.

ಹಳೆಯ ಕೆಲವು ಆಟಗಳಿಗೆ ಈಗ ಜಾಗ ಕಡಿಮೆಯಾಗಿದೆ. ಹಳೆ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ "ನಾನು ಮಿಲಿಟರಿಯವನು" ಅಂತ ಫೋನ್ ಮಾಡಿ, ದುಡ್ಡು ಕಳಿಸುತ್ತೇನೆ ಅಂತ ಹೇಳಿ ದುಡ್ಡು ಕೇಳುವ ರಿಕ್ವೆಸ್ಟ್ ಕಳಿಸುತ್ತಿದ್ದರಲ್ಲ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಆ ರಿಕ್ವೆಸ್ಟನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಅದೇ ವರ್ಷ ಜೂನ್ ಕೊನೆಯಿಂದ, ದುಡ್ಡು ಪಡೆಯುವವರ ಹೆಸರು ಬ್ಯಾಂಕಿನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ತೋರಿಸಬೇಕು ಅನ್ನುವ ನಿಯಮವೂ ಬಂತು. ನಮ್ಮ ಫೋನಿನಲ್ಲಿ ನಾವೇ "ಹಾಲಿನ ಅಣ್ಣ" ಅಂತ ಸೇವ್ ಮಾಡಿಕೊಂಡ ಹೆಸರು ಅಲ್ಲಿ ನಡೆಯುವುದಿಲ್ಲ. ಇದು ಬಹಳ ಒಳ್ಳೆಯ ನಿಯಮ. ಆದರೆ ಆ ಹೆಸರನ್ನು ಓದುವವರು ಎಷ್ಟು ಜನ ಹೇಳಿ?

ನಾನು ಈಗ ಅಂಗಡಿಯಲ್ಲಿ ಹೆಸರನ್ನು ಜೋರಾಗಿ ಓದುತ್ತೇನೆ. "ಅಣ್ಣ, ಲಕ್ಷ್ಮಮ್ಮ ಅಂತ ಬರ್ತಿದೆ, ನಿಮ್ದೇನಾ?" "ಹೂಂ ಸಾರ್, ನಮ್ಮ ತಾಯಿ ಹೆಸ್ರು." ಮೊದಮೊದಲು ಪಕ್ಕದವರು ತಿರುಗಿ ನೋಡುತ್ತಿದ್ದರು. ಅಂಗಡಿಯವರು ಮಾತ್ರ ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ. ಅವರಿಗೂ ಭಯ ಇದೆ. ರಾತ್ರಿ ಹೊತ್ತು ಅಂಗಡಿ ಮುಂದಿನ ಕ್ಯೂಆರ್ ಕೋಡಿನ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವ ಕಳ್ಳರಿದ್ದಾರೆ. ಬೆಳಗಿನಿಂದ ವ್ಯಾಪಾರ ಜೋರಾಗಿ ನಡೆದರೂ ಖಾತೆಗೆ ಬಿಡಿಗಾಸೂ ಬಂದಿರುವುದಿಲ್ಲ.

ವ್ಯಾಪಾರಿಗಳ ಪಾಡು ನಾವು ಅಂದುಕೊಂಡದ್ದಕ್ಕಿಂತ ಕಷ್ಟದ್ದು. ನಮ್ಮ ಬೀದಿಯ ಬೇಕರಿಯವರು ಒಮ್ಮೆ ಹೇಳಿದರು: "ಸಾಯಂಕಾಲ ಒಂದು ಕೈಲಿ ಪಫ್ಸು, ಇನ್ನೊಂದು ಕೈಲಿ ಚಿಲ್ಲರೆ. ಹುಡುಗ ಫೋನ್ ತೋರಿಸ್ದ, ಹಸಿರು ಟಿಕ್ ಇತ್ತು, ಆಯ್ತು ಹೋಗಪ್ಪ ಅಂದೆ." ಆ ಟಿಕ್ ತೋರಿಸುವುದಕ್ಕೆಂದೇ ನಕಲಿ ಆ್ಯಪುಗಳಿವೆ. ಹೆಸರು, ಮೊತ್ತ ಹಾಕಿದರೆ ಸಾಕು, ದುಡ್ಡು ಹೋದ ಹಾಗೆ ಪರದೆ ಬರುತ್ತದೆ. ಅಂಗಡಿಗಳಲ್ಲಿ ಇಷ್ಟು ದುಡ್ಡು ಬಂತು ಅಂತ ಕೂಗಿ ಹೇಳುವ ಡಬ್ಬ ಬಂದ ಮೇಲೆ ಈ ಕಾಟ ಬಹಳ ತಗ್ಗಿತು. ಡಬ್ಬ ಕೂಗುವ ತನಕ ಗಿರಾಕಿಯನ್ನು ಕಾಯಿಸುವುದು ಅವಮಾನ ಮಾಡಿದ ಹಾಗೆ ಅಂತ ಯಾರೂ ಅಂದುಕೊಳ್ಳಬಾರದು. ನೆಟ್‌ವರ್ಕ್ ಇಲ್ಲದೆ ಡಬ್ಬ ಸುಮ್ಮನಿದ್ದರೆ ಗಿರಾಕಿಯೂ ಎರಡು ನಿಮಿಷ ನಿಲ್ಲುವುದೇ ಸರಿ.

ವ್ಯಾಪಾರಿಗೆ ಇನ್ನೊಂದು ಸಂಕಟ ಇದೆ, ಅದರ ಬಗ್ಗೆ ಮಾತು ಕಡಿಮೆ. ಎಲ್ಲೋ ಕದ್ದ ದುಡ್ಡಿನಲ್ಲಿ ಒಬ್ಬ ಬಂದು ಇವರ ಅಂಗಡಿಯಲ್ಲಿ ಸಾಮಾನು ಕೊಂಡು ಹೋದ ಅಂತಿಟ್ಟುಕೊಳ್ಳಿ. ದುಡ್ಡಿನ ಜಾಡು ಹಿಡಿದು ಬಂದ ದೂರು ಇವರ ಖಾತೆಯ ದುಡ್ಡಿಗೂ ತಡೆ ಹಾಕಬಹುದು. ಕೆಲವೊಮ್ಮೆ ಇಡೀ ಖಾತೆಯೇ ಸ್ತಬ್ಧ. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನುವ ಬೋರ್ಡುಗಳು ಕಂಡದ್ದು ತೆರಿಗೆ ನೋಟಿಸಿನ ಕಾರಣಕ್ಕೆ, ಮೋಸದ ಕಾರಣಕ್ಕಲ್ಲ. ಆದರೂ ಆ ಬೋರ್ಡು ಓದಿದಾಗ ನನಗೆ ಅನಿಸಿದ್ದು, ಬೇರೆಯವರ ನಿಯಮದಲ್ಲಿ ಆಡುವ ಆಟಕ್ಕೆ ಇವರೆಲ್ಲ ಎಷ್ಟು ಬೇಗ ಒಗ್ಗಿಕೊಂಡಿದ್ದರು ಅಂತ.

ಈಗ ಜಾಸ್ತಿ ಹೆದರಬೇಕಾದದ್ದು ಎಪಿಕೆ ಫೈಲಿಗೆ, ಅಂದರೆ ಫೋನಿಗೆ ಆ್ಯಪ್ ಇಳಿಸುವ ಫೈಲಿಗೆ. ವಾಟ್ಸ್ಆ್ಯಪಿನಲ್ಲಿ ಲಗ್ನಪತ್ರಿಕೆ ಬರುತ್ತದೆ. ಕಳಿಸಿದವರು ನಮ್ಮ ನೆಂಟರೇ, ನಂಬರೂ ಅವರದೇ. ಒತ್ತಿದರೆ ಪತ್ರಿಕೆ ಬಿಚ್ಚಿಕೊಳ್ಳುವುದಿಲ್ಲ, "ಇನ್‌ಸ್ಟಾಲ್ ಮಾಡಲೇ?" ಅಂತ ಕೇಳುತ್ತದೆ. ಮದುವೆ ಪತ್ರಿಕೆಯನ್ನು ಇನ್‌ಸ್ಟಾಲ್ ಮಾಡುವುದೇನು! ಆದರೆ ಮದುವೆ ಯಾರದ್ದು ಅನ್ನುವ ಕುತೂಹಲದಲ್ಲಿ ಕೈ ಹೂಂ ಅಂದುಬಿಡುತ್ತದೆ. ಅದು ಫೋನಿಗೆ ಇಳಿದ ಮೇಲೆ ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಮುಗಿಯಿತು. ಬ್ಯಾಂಕಿನಿಂದ ಬರುವ ಓಟಿಪಿಗಳು ನೇರ ಅವರ ಕೈಗೆ. ನೀವು ಯಾರಿಗೂ ಓಟಿಪಿ ಹೇಳಲೇ ಇಲ್ಲ, ಆದರೂ ಹೇಳಿದ ಹಾಗಾಯಿತು. ಮುಂದೆ ನಿಮ್ಮ ವಾಟ್ಸ್ಆ್ಯಪಿನಿಂದಲೇ ಅದೇ ಪತ್ರಿಕೆ ನಿಮ್ಮ ನೆಂಟರಿಗೆ ಹೋಗುತ್ತದೆ. ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ, ಹೆಸರು ಏನಾದರೂ ಇರಲಿ, ಫೈಲಿನ ಬಾಲದಲ್ಲಿ ಎಪಿಕೆ ಅಂತ ಇದ್ದರೆ ಅದು ಪತ್ರಿಕೆಯೂ ಅಲ್ಲ, ಚಲನೂ ಅಲ್ಲ. ನಿಜವಾದ ಲಗ್ನಪತ್ರಿಕೆ ಫೋಟೋ, ವಿಡಿಯೋ ಅಥವಾ ಪಿಡಿಎಫ್ ಆಗಿ ಬರುತ್ತದೆ. ಅನುಮಾನ ಬಂದರೆ ಕಳಿಸಿದವರಿಗೆ ಫೋನ್ ಮಾಡಿ ಮದುವೆ ಯಾವಾಗ ಅಂತ ಕೇಳಿ. ಮದುವೆ ಇಲ್ಲದಿದ್ದರೆ ಅವರ ಫೋನು ಆಗಲೇ ಕೆಟ್ಟಿದೆ ಅಂತ ಅವರಿಗೂ ಗೊತ್ತಾಗುತ್ತದೆ.

ಇನ್ನು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುವ ಚಾಳಿ. ಬಿಟ್ಟುಬಿಡಿ. ಆ್ಯಪಿನ ಒಳಗೇ ಸಹಾಯದ ಜಾಗ ಇದೆ, ಡೆಬಿಟ್ ಕಾರ್ಡಿನ ಹಿಂದೆ ಬ್ಯಾಂಕಿನ ನಂಬರ್ ಇದೆ.

ಹೋದ ಮೇಲೆ ಏನಾಯಿತು ಅನ್ನುವುದಕ್ಕೆ ಈಗ ಬರುತ್ತೇನೆ. ಚಿಕ್ಕಮ್ಮನಿಗೆ ಮೋಸ ಗೊತ್ತಾದದ್ದು ಅದೇ ಸಂಜೆ, ಚಿಕ್ಕಪ್ಪ ಮನೆಗೆ ಬಂದಾಗ. "ದುಡ್ಡು ಹಾಕ್ತೀನಿ ಅಂತ ಯಾರಾದ್ರೂ ಅಂದಿದ್ರಾ?" ಅಂತ ಸುಮ್ನೆ ಕೇಳಿದ ಹಾಗೆ ಕೇಳಿದರಂತೆ. ಇಲ್ವಲ್ಲ ಅಂದರು ಚಿಕ್ಕಪ್ಪ. ಚಿಕ್ಕಮ್ಮ ಮುಂದೆ ಮಾತಾಡಲಿಲ್ಲ. ಅಡುಗೆ ಮಾಡಿದರು, ಬಡಿಸಿದರು. ಮಗ, ಅಂದರೆ ನನ್ನ ತಮ್ಮ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ರಾತ್ರಿ ಫೋನ್ ಮಾಡಿದ, ಅವನಿಗೂ ಹೇಳಲಿಲ್ಲ. ನನಗೆ ಹೇಳಿದ್ದು ಮೂರನೇ ದಿನ. ಅದೂ ಬೇರೆ ಏನೋ ಮಾತಿನ ನಡುವೆ, "ನಿಮ್ಮ ತಮ್ಮಂಗೆ ಹೇಳ್ಬೇಡ ಕಣಪ್ಪ" ಅನ್ನುವ ಕರಾರಿನ ಮೇಲೆ.

ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ದೂರು ದಾಖಲಾಯಿತು. ದುಡ್ಡು ಹೋದ ದಿನವೇ ಬೇರೆ ರಾಜ್ಯದ ಎಟಿಎಂನಲ್ಲಿ ಡ್ರಾ ಆಗಿತ್ತು ಅಂತ ಆಮೇಲೆ ಗೊತ್ತಾಯಿತು.

1930 ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ಈ ಮೂರು ದಿನದ ಬೆಲೆ ಗೊತ್ತಾಗುತ್ತದೆ. ನೀವು ದೂರು ಕೊಟ್ಟ ಕೂಡಲೇ ಅದು ದುಡ್ಡು ಸೇರಿದ ಬ್ಯಾಂಕಿಗೆ ಹೋಗುತ್ತದೆ. ಆ ಖಾತೆಯಲ್ಲಿ ದುಡ್ಡು ಇನ್ನೂ ಇದ್ದರೆ ಅಲ್ಲೇ ತಡೆ ಬೀಳುತ್ತದೆ. ಮುಂದಿನ ಖಾತೆಗೆ ಜಾರಿದ್ದರೆ ದೂರೂ ಆ ಬ್ಯಾಂಕಿಗೆ ಹೋಗುತ್ತದೆ. ದುಡ್ಡು ಮುಂದೆ, ದೂರು ಹಿಂದೆ. ಕಮಿಷನ್ ಆಸೆಗೆ ಬಾಡಿಗೆಗೆ ಕೊಟ್ಟ ಖಾತೆಗಳ ಸಾಲಿನಲ್ಲಿ ದುಡ್ಡು ನಿಮಿಷಗಳಲ್ಲಿ ಓಡುತ್ತದೆ. ಯಾರದೋ ಕೈಯಲ್ಲಿ ನೋಟಾಗಿ ಹೊರಬಿದ್ದ ಮೇಲೆ ತಡೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲ ಗಂಟೆ, ಎರಡು ಗಂಟೆಯೊಳಗಿನ ದೂರಿಗೂ ಮೂರನೇ ದಿನದ ದೂರಿಗೂ ಅಜಗಜಾಂತರ.

ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದದ್ದು ಬಹಳ ಇಲ್ಲ. ಯಾವ ಬ್ಯಾಂಕು, ಎಷ್ಟು ದುಡ್ಡು, ಎಷ್ಟು ಗಂಟೆಗೆ, ಆ್ಯಪಿನ ಹಿಸ್ಟರಿಯಲ್ಲಿ ಸಿಗುವ 12 ಅಂಕಿಯ ಯುಟಿಆರ್ ನಂಬರ್, ಅಂದರೆ ಆ ವಹಿವಾಟಿನ ಗುರುತಿನ ಸಂಖ್ಯೆ. ಜೊತೆಗೆ ಬ್ಯಾಂಕಿಗೂ ತಿಳಿಸಬೇಕು. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಅನ್ನುವ ಸರ್ಕಾರದ ತಾಣದಲ್ಲೂ ದೂರು ಹಾಕಬಹುದು. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸೆನ್ ಪೊಲೀಸ್ ಠಾಣೆಗಳಿವೆ, ಸೈಬರ್ ಅಪರಾಧದ ದೂರನ್ನು ಅಲ್ಲೂ ಕೊಡಬಹುದು. ತಡೆ ಬಿದ್ದ ದುಡ್ಡು ವಾಪಸ್ ಬರಲು ಕೋರ್ಟಿನ ಆದೇಶ ಬೇಕಾಗುವುದೂ ಉಂಟು, ತಾಳ್ಮೆ ಬೇಕು. ಈ ನಡುವೆ "ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಿಕೊಳ್ಳೋಕೆ ಫೀ ಕಟ್ಟಿ" ಅಂತ ಯಾರಾದರೂ ಫೋನ್ ಮಾಡಿದರೆ ಅವರು ಎರಡನೇ ಕಳ್ಳರು. ಒಮ್ಮೆ ಮೋಸ ಹೋದವರ ನಂಬರಿಗೆ ಆ ಲೋಕದಲ್ಲಿ ಬೆಲೆ ಇದೆ.

ಬ್ಯಾಂಕು ದುಡ್ಡು ತುಂಬಿಕೊಡುವುದಿಲ್ಲವೇ? 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದನ್ನು ವಿಂಗಡಿಸಿ ಹೇಳಿತು. ನಿಮ್ಮದೂ ತಪ್ಪಿಲ್ಲ, ಬ್ಯಾಂಕಿನದೂ ಇಲ್ಲ, ಮೂರನೆಯವರು ಕೈ ಹಾಕಿದ್ದಾರೆ, ನೀವು ಮೂರು ಕೆಲಸದ ದಿನಗಳ ಒಳಗೆ ತಿಳಿಸಿದ್ದೀರಿ ಅಂದರೆ ನಷ್ಟ ನಿಮ್ಮದಲ್ಲ. ನಾಲ್ಕರಿಂದ ಏಳು ದಿನವಾದರೆ ನಿಮ್ಮ ಪಾಲಿಗೂ ಒಂದು ಮಿತಿಯವರೆಗೆ ಬರುತ್ತದೆ. ಗುಟ್ಟಿನ ಸಂಖ್ಯೆ ನೀವೇ ಕೊಟ್ಟು ಹೋದ ದುಡ್ಡಾದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟವೆಲ್ಲ ನಿಮ್ಮದೇ. ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದು. 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿಗೆ ಹೋದವರ ಬೆರಳಚ್ಚು ಕದ್ದು ಆಧಾರ್ ಮೂಲಕ ಖಾತೆಯಿಂದ ದುಡ್ಡು ತೆಗೆದಿದ್ದರು. ಆ ಜನ ಯಾವ ಪಿನ್ನೂ ಒತ್ತಿರಲಿಲ್ಲ. ಅಂಥ ಕಡೆ ವಾದಕ್ಕೆ ಬಲ ಇದೆ. ತಾವೇ ಪಿನ್ ಒತ್ತಿದ ಚಿಕ್ಕಮ್ಮನಂಥವರಿಗೆ ಇರುವುದು ಸಮಯ ಒಂದೇ.

ಆ ಸಮಯವನ್ನು ತಿಂದದ್ದು ನಾಚಿಕೆ. ಬೈಸಿಕೊಳ್ಳುವ ಭಯ. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ, ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸಿ "ಡಿಜಿಟಲ್ ಅರೆಸ್ಟ್" ಮಾಡುವವರು ಮೊದಲು ಹೇಳುವುದು ಮನೆಯವರಿಗೂ ತಿಳಿಸಬೇಡಿ ಅಂತ. 2024ರ ಅಕ್ಟೋಬರಿನ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಅಂಥ ಒಂದು ಕರೆಯ ರೆಕಾರ್ಡಿಂಗನ್ನೇ ಕೇಳಿಸಿ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ ಅಂದಿದ್ದರು. ಚಿಕ್ಕಮ್ಮನಿಗೆ ಆ ಮಾತನ್ನು ಯಾರೂ ಹೇಳಬೇಕಾಗಿರಲಿಲ್ಲ. ಗುಟ್ಟು ತಾನಾಗಿ ಕಾಯಲ್ಪಟ್ಟಿತು, ಯಾಕೆಂದರೆ ನಮ್ಮ ಮನೆಗಳಲ್ಲಿ ಮೋಸ ಹೋದವರಿಗೆ ಸಿಗುವ ಮೊದಲ ಮಾತು "ಅಷ್ಟೂ ಗೊತ್ತಾಗಲ್ವಾ ನಿಂಗೆ?" ಅನ್ನುವುದೇ. ಪಕ್ಕದ ಮನೆಯವರು ದುಡ್ಡು ಕಳೆದುಕೊಂಡ ಸುದ್ದಿ ಬಂದಾಗ ಊಟಕ್ಕೆ ಕೂತು ನಾವು ನಕ್ಕದ್ದನ್ನು ಮನೆಯ ಹಿರಿಯರು ಕೇಳಿಸಿಕೊಂಡಿರುತ್ತಾರೆ. ನಾಳೆ ತಮ್ಮ ಸರದಿ ಬಂದರೆ ಯಾಕೆ ಬಾಯಿ ಬಿಡುತ್ತಾರೆ?

ನನಗೆ ಅನಿಸುವುದು, ಎಚ್ಚರಿಕೆಯ ಪಾಠ ಹೇಳುವುದಕ್ಕಿಂತ ಮೊದಲು ಮನೆಯವರಿಗೆ ಕೊಡಬೇಕಾದದ್ದು ಒಂದು ಮಾತು: ದುಡ್ಡು ಹೋದರೆ ಹತ್ತು ನಿಮಿಷದ ಒಳಗೆ ನನಗೆ ಹೇಳಿ, ನಾನು ಬೈಯುವುದಿಲ್ಲ. ಹೇಳಿದ ಮೇಲೆ ನಿಜಕ್ಕೂ ಬೈಯಬಾರದು. ಅದೇ ಕಷ್ಟ.

ಮಗನಿಗೆ ವಿಷಯ ಗೊತ್ತಾಗದೇ ಇರಲಿಲ್ಲ. ಗೊತ್ತಾದ ತಕ್ಷಣ ಅವನು ಹೇಳಿದ್ದು, "ಅಮ್ಮನ ಫೋನಿಂದ ಆ್ಯಪ್ ತೆಗೆದುಬಿಡೋಣ, ಸುಮ್ನೆ ಯಾಕೆ ರಿಸ್ಕು." ಇದು ಪ್ರೀತಿಯ ಮಾತೇ. ಆದರೆ ನಾನು ಜಗಳ ಆಡಿದೆ. ಬ್ಲೌಸ್ ಹೊಲಿಸುವವರು ಈಗ ಕೈಯಲ್ಲಿ ನೋಟು ತರುವುದಿಲ್ಲ. ಆ್ಯಪ್ ತೆಗೆದರೆ ಚಿಕ್ಕಮ್ಮನ ದುಡಿಮೆ ಚಿಕ್ಕಪ್ಪನ ಖಾತೆಗೋ ಮಗನ ಖಾತೆಗೋ ಹೋಗುತ್ತದೆ. ಆಮೇಲೆ ಲೈನಿಂಗ್ ಬಟ್ಟೆಗೂ ಅವರನ್ನೇ ಕೇಳಬೇಕು. ಕಳ್ಳನಿಂದ ಉಳಿಸುತ್ತೇವೆ ಅಂತ ಅವರ ಕೈಯನ್ನೇ ಕಟ್ಟಿಹಾಕಿದ ಹಾಗೆ.

ಕೊನೆಗೆ ಒಂದು ಏರ್ಪಾಟು ಆಯಿತು. ಗೃಹಲಕ್ಷ್ಮಿ ದುಡ್ಡು, ಉಳಿತಾಯ ಎಲ್ಲ ಒಂದು ಖಾತೆಯಲ್ಲಿ, ಅದಕ್ಕೆ ಯುಪಿಐ ಜೋಡಿಸಿಲ್ಲ. ಹೊಲಿಗೆಗೆ ಬರುವ ದುಡ್ಡಿಗೆ ಇನ್ನೊಂದು ಖಾತೆ, ಆ್ಯಪ್ ಅದಕ್ಕೆ ಮಾತ್ರ. ತರಕಾರಿ, ಹಾಲಿಗೆ ಯುಪಿಐ ಲೈಟ್. ಅದರಲ್ಲಿ ಒಮ್ಮೆಗೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಕೊಡಬಹುದು, ಒಟ್ಟು 5,000ಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಪಿನ್ ಇಲ್ಲದಿದ್ದರೆ ಅಪಾಯ ಅಲ್ವಾ ಅಂತ ತಮ್ಮ ಕೇಳಿದ. ನನ್ನ ಲೆಕ್ಕ ಉಲ್ಟಾ. ದಿನಕ್ಕೆ ಹತ್ತು ಸಲ ಪಿನ್ ಒತ್ತುವವರಿಗೆ ಹನ್ನೊಂದನೇ ಸಲ ಅದು ಗಮನಕ್ಕೇ ಬರುವುದಿಲ್ಲ. ಅಪರೂಪಕ್ಕೆ ಒತ್ತುವವರು ಒತ್ತುವ ಮೊದಲು ಒಂದು ಕ್ಷಣ ಯೋಚಿಸುತ್ತಾರೆ. ಇದಕ್ಕೆ ನನ್ನ ಬಳಿ ಪುರಾವೆ ಏನಿಲ್ಲ, ಅನುಭವದ ಮಾತು ಅಷ್ಟೇ.

ಯುಪಿಐ ಸರ್ಕಲ್ ಅಂತ ಒಂದಿದೆ, ನಮ್ಮ ಖಾತೆಯಿಂದ ಮನೆಯ ಇನ್ನೊಬ್ಬರು ದುಡ್ಡು ಕೊಡುವ ಹಾಗೆ, ಪ್ರತಿ ಸಲವೂ ನಮ್ಮ ಒಪ್ಪಿಗೆ ಕೇಳುವ ಹಾಗೆ ಇಟ್ಟುಕೊಳ್ಳಬಹುದು. ತಮ್ಮ ಅದನ್ನೂ ಹೇಳಿದ. ತೀರಾ ವಯಸ್ಸಾದವರಿಗೆ, ಕಣ್ಣು ಮಂಜಾದವರಿಗೆ ಬಹಳ ಒಳ್ಳೆಯದು. ಚಿಕ್ಕಮ್ಮ ಒಪ್ಪಲಿಲ್ಲ. "ನಾನ್ ದುಡಿದ ದುಡ್ಡಿಗೆ ನಿನ್ ಪರ್ಮಿಷನ್ ಯಾಕೋ?" ಅಂದರು. ತಮ್ಮ ಇನ್ನೂ ಆ ಮಾತಿಗೆ ಮುನಿಸಿಕೊಂಡೇ ಇದ್ದಾನೆ.